ತಿಂಗಳ ನೋವು ಮತ್ತು ನಮ್ಮ ಬಾಲಿಕೆಯರು

ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಶಾಲೆಯ ಪರೀಕ್ಷಾ ಫಲಿತಾಂಶಗಳನ್ನೂ ಕಟ್ಟಡನಿಧಿಯ ವಿವರವನ್ನೂ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಅವೆರಡೂ ವಾರ್ಷಿಕ ವರದಿಯಲ್ಲಿ ಇದ್ದೇ ಇರುತ್ತವೆ. ವರದಿಗಳಲ್ಲಿ ಎಂದಿಗೂ ಬಾರದಿರುವ, ಆದರೆ ಬಾಲಿಕಾ ಪಾಠಶಾಲೆಯೊಂದರಲ್ಲಿ ಪ್ರತಿದಿನವೂ ಯಾವುದಾದರೊಂದು ಬೆಂಚಿನ ಮೇಲೆ ಕುಳಿತಿರುವ ಒಂದು ವಿಷಯವನ್ನು ಕುರಿತು ಬರೆಯಲು ನಾನು ಇಚ್ಛಿಸಿದ್ದೇನೆ. ಅದೇನೆಂದರೆ, ಋತುಕಾಲದಲ್ಲಿ ನಮ್ಮ ಹೆಣ್ಣುಮಕ್ಕಳು ಅನುಭವಿಸುವ ಹೊಟ್ಟೆನೋವು. ಈ ಶೀರ್ಷಿಕೆಯನ್ನು ಕಂಡ ಕೂಡಲೇ ಪುಟವನ್ನು ಮಗುಚಿಹಾಕಬೇಡಿರೆಂದು ತಂದೆಯವರನ್ನು ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ತಾಯಂದಿರಿಗೆ ಈ ಸಂಗತಿ ಗೊತ್ತೇ ಇದೆ. ಔಷಧಕ್ಕೂ ಬಸ್ಸಿಗೂ ಹಣ ಕೊಡತಕ್ಕವರು ಮಾತ್ರ ಅನೇಕ ಮನೆಗಳಲ್ಲಿ ತಂದೆಯವರೇ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಕಡೆಗಳ ಊರುಗಳಿಂದಲೂ ಹಳ್ಳಿಗಳಿಂದಲೂ ಬಂದು ಓದುವ ಬಾಲಿಕೆಯರ ರಜಾಚೀಟಿಗಳನ್ನು ನಾನು ಬಹುಕಾಲದಿಂದ ಓದುತ್ತ ಬಂದಿದ್ದೇನೆ. ಆ ಚೀಟಿಗಳ ಮೇರೆಗೆ ಹೇಳುವುದಾದರೆ ಈ ಪ್ರಾಂತದಲ್ಲಿ ಜ್ವರವಿಲ್ಲದ ಮನೆಯೇ ಇಲ್ಲ. ತಿಂಗಳಿಗೊಮ್ಮೆ ಲೆಕ್ಕವಿಟ್ಟ ಹಾಗೆ ಬಂದು, ಎರಡೇ ದಿನಕ್ಕೆ ಇಳಿದುಹೋಗಿ, ಗಂಡುಮಕ್ಕಳನ್ನು ಮಾತ್ರ ಮುಟ್ಟದೆ ಬಿಡುವ ಈ ಜ್ವರವು ಯಾವ ವೈದ್ಯಗ್ರಂಥದಲ್ಲಿಯೂ ದೊರೆಯಲಾರದು. ತೆಲುಗು ಮಾತನಾಡುವ ಮನೆಗಳ ಚಿಕ್ಕ ಹುಡುಗಿಯರು ಗೆಳತಿಯ ಕಿವಿಯಲ್ಲಿ ಕಡುಪುನೊಪ್ಪಿಯೆಂದು ಪಿಸುಗುಟ್ಟಿ, ಚೀಟಿಯಲ್ಲಿ ಕನ್ನಡದಲ್ಲಿ ಜ್ವರವೆಂದು ಬರೆಯುತ್ತಾರೆ. ತಿಂಗಳಿಗೆ ಎರಡು ದಿನವೆಂದರೆ ಹತ್ತು ತಿಂಗಳಿಗೆ 20 ದಿನಗಳು. ಶೇಕಡ 75ರಷ್ಟು ಹಾಜರಿಯ ನಿಯಮವು ಅಷ್ಟರಿಂದಲೇ ಮುರಿದುಬೀಳುವುದಿಲ್ಲ, ನಿಜ. ಆದರೆ ಬೀಜಗಣಿತದ ಒಂದು ಪಾಠವು ತಪ್ಪಿದರೆ ಮುಂದಿನ ನಾಲ್ಕು ಪಾಠಗಳು ಕತ್ತಲಾಗುವುವೆಂಬುದನ್ನು ಆ ವಿಷಯವನ್ನು ಬೋಧಿಸಿದವರೆಲ್ಲರೂ ಬಲ್ಲರು. ಹಾಜರಿದ್ದು ನೋವಿನಿಂದ ಮುದುಡಿಕೊಂಡು, ಕಪ್ಪುಹಲಗೆಯ ಮೇಲೇನಿದೆಯೆಂಬುದನ್ನೇ ಕಾಣದೆ ಕುಳಿತ ದಿನಗಳನ್ನಂತೂ ಯಾವ ಹಾಜರಿಪುಸ್ತಕವೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಈ ನೋವು ಏನೆಂಬುದನ್ನು ತಿಳಿಯೋಣ. ಆಯುರ್ವೇದದವರು ಇದಕ್ಕೆ ಕಷ್ಟಾರ್ತವವೆಂಬ ಹೆಸರನ್ನು ಕೊಟ್ಟಿದ್ದಾರೆ. ಪಾಶ್ಚಾತ್ಯ ವೈದ್ಯರಲ್ಲಿ ಅನೇಕರು ಬಹುಕಾಲ ಇದನ್ನು ಹುಡುಗಿಯ ಮನಸ್ಸಿನ ದೌರ್ಬಲ್ಯವೆಂದೇ ಬಗೆದಿದ್ದರು. 1957ರಲ್ಲಿ ಇಂಗ್ಲೆಂಡಿನ ಪಿಕಲ್ಸ್ ಎಂಬ ಶಾಸ್ತ್ರಜ್ಞರು ಋತುಸ್ರಾವದಲ್ಲಿಯೇ ಗರ್ಭಕೋಶದ ಮಾಂಸಖಂಡವನ್ನು ಹಿಂಡಿಸುವ ವಸ್ತುವೊಂದು ಇರುವುದೆಂದು ತೋರಿಸಿದರು. ಅದು ಪ್ರೊಸ್ಟಾಗ್ಲಾಂಡಿನ್ ಎಂಬ ವರ್ಗದ ದ್ರವ್ಯವೆಂದು ಮುಂದೆ ತಿಳಿದುಬಂದಿತು. ಗರ್ಭಕೋಶದ ಒಳಪದರವು ಕಳಚಿಕೊಳ್ಳುವಾಗ ಈ ದ್ರವ್ಯವು ಹೊರಬಂದು, ಆ ಅಂಗವನ್ನು ಬಿಗಿಯಾಗಿ ಹಿಂಡುತ್ತದೆ. ಹಿಂಡಿದಾಗ ಅಲ್ಲಿಗೆ ರಕ್ತವು ಸಾಕಷ್ಟು ಹರಿಯದೆ ನೋವು ಹುಟ್ಟುತ್ತದೆ. ಕೆಲವರಿಗೆ ವಾಂತಿ, ಭೇದಿ, ತಲೆನೋವು, ತೊಡೆಗಳ ಸೆಳೆತ ಇವೆಲ್ಲವೂ ಬರುವುದು ಅದೇ ದ್ರವ್ಯದಿಂದಲೇ. ನೋವು ಹೆಚ್ಚಾಗಿರುವ ಹುಡುಗಿಯರಲ್ಲಿ ಆ ದ್ರವ್ಯವೂ ಹೆಚ್ಚಾಗಿರುವುದೆಂದು ಅಳೆದು ನೋಡಿದ್ದಾರೆ. ಈ ದ್ರವ್ಯಗಳನ್ನು ಕುರಿತ ಸಂಶೋಧನೆಗಾಗಿ 1982ರಲ್ಲಿ ಬರ್ಗ್‌ಸ್ಟ್ರಂ, ಸಾಮ್ಯುಯೆಲ್‌ಸನ್, ವೇನ್ ಎಂಬ ಮೂವರಿಗೆ ನೊಬೆಲ್ ಬಹುಮಾನವು ದೊರೆಯಿತು. ಆದಕಾರಣ, "ಇವಳೊಬ್ಬಳಿಗೇ ಏನು, ನಮಗೆಲ್ಲ ಆಗಲಿಲ್ಲವೆ?" ಎಂದು ಮನೆಯ ಹಿರಿಯರು ಕೇಳುವ ಪ್ರಶ್ನೆಗೆ ಉತ್ತರವುಂಟು. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಒಬ್ಬಳು ಆಟವಾಡಿಕೊಂಡಿರುವಾಗ ಅವಳ ಒಡಹುಟ್ಟಿದವಳು ಚಾಪೆಯ ಮೇಲೆ ಹೊರಳುತ್ತಿರಬಹುದು, ಇಬ್ಬರೂ ಸತ್ಯವಂತರೇ.

ಮೈನೆರೆದ ಮೊದಲ ಕೆಲವು ತಿಂಗಳುಗಳಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಆರು ತಿಂಗಳೋ ವರ್ಷವೋ ಕಳೆದು, ಋತುವು ಒಂದು ಕ್ರಮಕ್ಕೆ ಬರುವ ಹೊತ್ತಿಗೆ ನೋವು ಆರಂಭವಾಗುತ್ತದೆ. ಸ್ರಾವಕ್ಕೆ ಸ್ವಲ್ಪ ಮುಂಚೆ ಅಥವಾ ಅದರೊಡನೆಯೇ ಪ್ರಾರಂಭಿಸಿ ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನ ಇರುತ್ತದೆ. ಅಂದರೆ ಹೈಸ್ಕೂಲಿನ ವರ್ಷಗಳೂ ಈ ನೋವು ಬಲಗೊಳ್ಳುವ ವರ್ಷಗಳೂ ಹೆಚ್ಚುಕಡಮೆ ಒಂದೇ ಆಗಿವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುವುದು.

ಹಾಗಾದರೆ ಮಾಡಬೇಕಾದುದೇನು? ಎಲ್ಲಕ್ಕಿಂತ ಸುಲಭವಾದುದು ಶಾಖ. ಕಿಬ್ಬೊಟ್ಟೆಯ ಮೇಲೆ ಅಥವಾ ಸೊಂಟದ ಹಿಂದೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಇಡುವುದು ಅಜ್ಜಿಯ ಕಾಲದ ಉಪಾಯವಾದರೂ, ಈ ಶತಮಾನದಲ್ಲಿ ಕ್ರಮವಾಗಿ ಪರೀಕ್ಷಿಸಿ ನೋಡಿದವರು ಅದು ನೋವಿನ ಮಾತ್ರೆಗೆ ಸರಿಸಮನಾಗಿ ಕೆಲಸಮಾಡುವುದೆಂದು ಕಂಡಿದ್ದಾರೆ. ರಬ್ಬರಿನ ಚೀಲವಿಲ್ಲದ ಮನೆಯಲ್ಲಿ ಗಟ್ಟಿ ಮುಚ್ಚಳದ ಸೀಸೆಯೂ, ಹೆಂಚಿನ ಮೇಲೆ ಬೆಚ್ಚಗೆ ಮಾಡಿದ ಬಟ್ಟೆಯ ಗಂಟೂ ಸಾಕು. ಚರ್ಮ ಸುಡದಂತೆ ಮೊದಲು ಕೈಯಿಂದ ಮುಟ್ಟಿ ನೋಡಿಕೊಳ್ಳತಕ್ಕದ್ದು. ಶುಂಠಿಯ ಕಷಾಯಕ್ಕೂ ಸ್ವಲ್ಪ ಗುಣವಿದೆಯೆಂದು ಸಣ್ಣ ಪರೀಕ್ಷೆಗಳು ಹೇಳುತ್ತವೆ. ಜೀರಿಗೆ, ಓಮ, ಮೆಂತ್ಯಗಳ ವಿಷಯದಲ್ಲಿ ನಾನು ವಾದಿಸುವುದಿಲ್ಲ. ಬಿಸಿಯಾದುದನ್ನು ತಾಯಿಯು ಕೈಯಾರೆ ಕಾಯಿಸಿ ಕೊಟ್ಟರೆ ಮಗುವಿಗೆ ಹಿತವಾಗದೆ ಇರದು. ಹುಡುಗಿ ದೊಡ್ಡವಳಾದಾಗ ಎಳ್ಳುಬೆಲ್ಲ ಕುಟ್ಟಿ ಚಿಗಳಿಯುಂಡೆ ಕೊಡುವ ನಮ್ಮ ಸೀಮೆಯ ವಾಡಿಕೆಯೂ ಒಳ್ಳೆಯದೇ. ಆದರೆ ಆ ಒಂದು ವಾರದ ಉಪಚಾರವು ಮುಗಿದ ಮೇಲೆ ವರ್ಷವಿಡೀ ತಂಗಳು ಮುದ್ದೆಯನ್ನು ಕೊನೆಯ ಪಂಕ್ತಿಯಲ್ಲಿ ಅವಳಿಗೆ ಬಡಿಸುವುದು ಯಾವ ನ್ಯಾಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ರಕ್ತಹೀನತೆಯುಳ್ಳವರು. ರಕ್ತಹೀನತೆಯಿರುವ ಹುಡುಗಿಗೆ ಆ ದಿನಗಳ ಆಯಾಸವು ಇಮ್ಮಡಿಯಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಬಾಯಲ್ಲಿಟ್ಟುಕೊಂಡು ಹೋಗಿ ನಲ್ಲಿಯ ಬಳಿ ಉಗಿಯುವ ಚತುರೆಯರು ಈ ವಾಕ್ಯವನ್ನು ಎರಡು ಸಾರಿ ಓದಿಕೊಳ್ಳಲಿ.

ಮಲಗಿಯೇ ಇರಬೇಕೆಂಬುದು ಸರಿಯಲ್ಲ. ನಡೆದಾಟ, ಲಘುವಾದ ಅಂಗಸಾಧನೆ ಇವು ಕಾಲಕ್ರಮದಲ್ಲಿ ನೋವನ್ನು ತಗ್ಗಿಸುತ್ತವೆ. ಅಮೆರಿಕಾ ದೇಶದ ಡಾಕ್ಟರ್ ಕ್ಲೀಲಿಯ ಮೋಷರ್ ಎಂಬ ಮಹಿಳೆಯು ನೂರು ವರ್ಷಗಳಿಗೂ ಹಿಂದೆಯೇ ಕಾಲೇಜಿನ ಕನ್ಯೆಯರಿಗೆ ಹೊಟ್ಟೆಯನ್ನು ಏರಿಳಿಸಿ ಉಸಿರಾಡುವ ವ್ಯಾಯಾಮವನ್ನು ಕಲಿಸಿ, ಬಿಗಿಯಾದ ಉಡುಪನ್ನು ಬಿಡಿಸಿ, ಅನೇಕರಿಗೆ ಸುಖವನ್ನುಂಟುಮಾಡಿದರು. ಆದರೆ ನೋವಿನಿಂದ ಬಿಳಿಚಿಕೊಂಡ ಹುಡುಗಿಯನ್ನು ಬಿಸಿಲಿನಲ್ಲಿ ಡ್ರಿಲ್ಲಿಗೆ ನಿಲ್ಲಿಸಿ, ವ್ಯಾಯಾಮವು ಒಳ್ಳೆಯದೆಂದು ಹೆಡ್ಮಿಸ್ಟ್ರೆಸ್ಸು ಬರೆದಿದ್ದಾರೆಂದು ಯಾರೂ ಹೇಳಕೂಡದು.

ಇನ್ನು ಮಾತ್ರೆಗಳ ವಿಷಯ. ಮೇಲೆ ಹೇಳಿದ ದ್ರವ್ಯವು ಹುಟ್ಟದಂತೆ ತಡೆಯುವ ಔಷಧಗಳು ಇವೆ. ಐಬುಪ್ರೊಫೆನ್, ಮೆಫೆನಮಿಕ್ ಆಮ್ಲ, ನಾಪ್ರೊಕ್ಸೆನ್ ಎಂಬವು ಆ ಜಾತಿಯವು. ಪ್ಯಾರಾಸಿಟಮಾಲ್ ಇವುಗಳಷ್ಟು ಬಲವುಳ್ಳದ್ದಲ್ಲ. ದ್ರವ್ಯವು ಹುಟ್ಟಿ ಹರಡಿದ ಮೇಲೆ ನುಂಗಿದರೆ ಪ್ರಯೋಜನವು ಕಡಮೆಯಾದುದರಿಂದ, ನೋವು ತಲೆದೋರಿದ ಕೂಡಲೇ, ಊಟವಾದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ತೆಗೆದುಕೊಳ್ಳಬೇಕು. ಬೆಳಿಗ್ಗೆಯಿಂದ ಸಹಿಸಿ, ಇನ್ನು ತಾಳಲಾರೆನೆನ್ನುವಾಗ ಬರಿಹೊಟ್ಟೆಯಲ್ಲಿ ನುಂಗುವುದೇ ನಮ್ಮ ಮಕ್ಕಳ ಪದ್ಧತಿಯಾಗಿದೆ. ಅದರಿಂದ ನೋವೂ ಹೋಗುವುದಿಲ್ಲ, ಹೊಟ್ಟೆಯುರಿಯೂ ಸೇರಿಕೊಳ್ಳುತ್ತದೆ. ಆಸ್ತಮಾ, ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ ಉಳ್ಳವರು ವೈದ್ಯರನ್ನು ಕೇಳದೆ ಈ ಮಾತ್ರೆಗಳನ್ನು ಮುಟ್ಟಲೇಬಾರದು. ಅಂಗಡಿಯವನು ಚೀಟಿಯಿಲ್ಲದೆ ಕತ್ತರಿಸಿ ಕೊಡುವ ಎರಡು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಬರುವ ರೂಢಿಯು ನಮ್ಮ ಪೇಟೆಗಳಲ್ಲೆಲ್ಲ ಇದೆ. 2023ರ ನವೆಂಬರಿನಲ್ಲಿ ಇಂಡಿಯನ್ ಫಾರ್ಮಕೋಪಿಯ ಆಯೋಗದವರು ಮೆಫೆನಮಿಕ್ ಆಮ್ಲದ ಮಾತ್ರೆಯಿಂದ ಅಪರೂಪವಾಗಿ ಚರ್ಮದ ಮೇಲೆ ದದ್ದು, ಜ್ವರ ಮುಂತಾದ ತೀವ್ರವಾದ ಒಗ್ಗದಿಕೆಯು ಸಂಭವಿಸಬಹುದೆಂದು ಎಚ್ಚರಿಕೆ ಕೊಟ್ಟರು. ಆ ಸುದ್ದಿಯನ್ನು ಓದಿ ಹೆದರಿ ಮಾತ್ರೆಯನ್ನೇ ನಿಷೇಧಿಸಿದ ಮನೆಗಳೂ ಉಂಟು. ಹೆದರಬೇಕಾದುದಿಲ್ಲ, ಕಣ್ಣಿಟ್ಟಿರಬೇಕಾದುದು.

ಕೆಲವು ನೋವುಗಳು ಈ ಸಾಮಾನ್ಯ ವರ್ಗಕ್ಕೆ ಸೇರಿದವುಗಳಲ್ಲ. ಎರಡು ಮೂರು ತಿಂಗಳು ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡರೂ ತಗ್ಗದ ನೋವು, ವರ್ಷದಿಂದ ವರ್ಷಕ್ಕೆ ಏರುತ್ತಿರುವ ನೋವು, ಋತುವಲ್ಲದ ದಿನಗಳಲ್ಲಿಯೂ ಬರುವ ನೋವು, ಗಂಟೆಗೊಂದರಂತೆ ಬಟ್ಟೆ ನೆನೆಯುವಷ್ಟು ಸ್ರಾವ, ಜ್ವರ ಇವು ಕಂಡಲ್ಲಿ ವೈದ್ಯರ ಬಳಿಗೆ ಹೋಗಲೇಬೇಕು. ಹದಿನೈದು ತುಂಬಿದರೂ ಋತುವು ಕಾಣದೆ, ತಿಂಗಳಿಗೊಮ್ಮೆ ಹೊಟ್ಟೆ ಮಾತ್ರ ನೋಯುತ್ತಿದ್ದರೆ ದಾರಿಯಲ್ಲಿ ತಡೆಯೇನಾದರೂ ಇರಬಹುದು. ಅದಕ್ಕೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಪರಿಹಾರವುಂಟು. ಎಂಡೋಮೆಟ್ರಿಯೋಸಿಸ್ ಎಂಬ ವ್ಯಾಧಿಯಲ್ಲಿ ಗರ್ಭಕೋಶದ ಒಳಪದರದಂತಹ ಪದರವು ಹೊರಗಡೆ ಬೆಳೆದು ನೋಯಿಸುತ್ತದೆ. ಲೋಕದ ಪ್ರಾಯದ ಸ್ತ್ರೀಯರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಗುರುತಿಸುವುದರಲ್ಲಿಯೇ ಅನೇಕ ವರ್ಷಗಳು ಕಳೆದುಹೋಗುತ್ತವೆ, ಯಾಕಂದರೆ ಹುಡುಗಿಯು ನೋಯುತ್ತದೆಂದಾಗಲೆಲ್ಲ ಅದು ಇದ್ದದ್ದೇ ಎಂಬ ಉತ್ತರವೇ ಸಿಕ್ಕುತ್ತದೆ. ಗಂಡಸು ವೈದ್ಯರಿಗೆ ತೋರಿಸಲು ಸ್ತ್ರೀಯರು ಒಪ್ಪದಿದ್ದ ಕಾಲದಲ್ಲಿ ಮೈಸೂರಿನಲ್ಲಿಯೂ ಕೋಲಾರದಲ್ಲಿಯೂ ಮಿಷನ್ನಿನವರು ಸ್ತ್ರೀಯರಿಗಾಗಿಯೇ ಆಸ್ಪತ್ರೆಗಳನ್ನು ತೆರೆದರು. ಇಂದು ನಮ್ಮಲ್ಲಿ ವೈದ್ಯೆಯರಿಗೆ ಅಷ್ಟು ಕೊರತೆಯಿಲ್ಲ. ಆಸ್ಪತ್ರೆಗೆ ಹೆಣ್ಣುಮಗುವನ್ನು ಕರೆದೊಯ್ದರೆ ನಾಳೆ ಸಂಬಂಧ ಕೂಡಿಬರುವುದಿಲ್ಲವೆಂಬ ಅಂಜಿಕೆಗೆ ಮಾತ್ರ ಕೊರತೆಯಾಗಿಲ್ಲ.

ಸಂಬಂಧದ ಮಾತು ಬಂದದ್ದರಿಂದ, ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಳವಳಗೊಳಿಸುವ ಸಂಗತಿಯನ್ನು ಇಲ್ಲಿಯೇ ಹೇಳುತ್ತೇನೆ. "ಮದುವೆಯಾದರೆ ಸರಿಹೋಗುತ್ತದೆ, ಒಂದು ಮಗುವಾದರೆ ನಿಂತುಹೋಗುತ್ತದೆ" ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಔಷಧದ ಹಾಗೆ ಹೇಳುತ್ತಾರೆ. ಹೆರಿಗೆಯಾದ ಮೇಲೆ ಕೆಲವರ ನೋವು ತಗ್ಗುವುದು ನಿಜ. ಕೆಲವರದು ತಗ್ಗುವುದಿಲ್ಲವೆಂಬುದೂ ಅಷ್ಟೇ ನಿಜ. ಆದರೆ ಮೂವತ್ತು ರೂಪಾಯಿನ ಮಾತ್ರೆಯಿಂದಲೂ ಒಂದು ಚೊಂಬು ಬಿಸಿನೀರಿನಿಂದಲೂ ನೀಗುವ ನೋವಿಗೆ ಹದಿನಾರರ ಹುಡುಗಿಯ ಓದನ್ನೂ ದೇಹವನ್ನೂ ಬೆಲೆಯಾಗಿ ಕೊಡುವ ಚಿಕಿತ್ಸೆಯನ್ನು ನಾನು ಒಪ್ಪಲಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯೂ ಒಪ್ಪುವುದಿಲ್ಲ. ಎಳೆಯ ಮೈಯ ಬಸುರಿನ ಅಪಾಯವು ಯಾವ ತಿಂಗಳ ನೋವಿಗಿಂತಲೂ ದೊಡ್ಡದು. ತಿಂಗಳು ತಿಂಗಳು ಶಾಲೆ ತಪ್ಪಿಸುತ್ತಾಳೆ, ಓದು ಹತ್ತುವುದಿಲ್ಲ, ಗಂಡು ಒಳ್ಳೆಯ ಮನೆತನದವನು ಎಂಬ ಈ ಮೂರು ವಾಕ್ಯಗಳು ಒಂದೇ ಉಸಿರಿನಲ್ಲಿ ನನ್ನ ಕೋಣೆಯಲ್ಲಿ ಎಷ್ಟೋ ಸಲ ಹೇಳಲ್ಪಟ್ಟಿವೆ. ಮೊದಲನೆಯ ವಾಕ್ಯವನ್ನು ಗುಣಪಡಿಸಿದರೆ ಮೂರನೆಯದಕ್ಕೆ ಎಡೆಯೇ ಇರುವುದಿಲ್ಲ.

ಮನೆಯಿಂದ ಹೊರಗಿಡುವ ಪದ್ಧತಿಯ ವಿಷಯವನ್ನು ಇತರರು ಬಹಳ ಬರೆದಿದ್ದಾರೆ. 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಊರ ಹೊರಗಿನ ಗುಡಿಸಿಲಲ್ಲಿರಿಸಿದ್ದ ಬಾಣಂತಿಯ ಕೂಸು ಮಳೆಚಳಿಗೆ ತೀರಿಕೊಂಡುದನ್ನು ಪತ್ರಿಕೆಗಳಲ್ಲಿ ಓದಿದೆವು. ಗೌರಿಬಿದನೂರಿಗೆ ಅದೇನೂ ದೂರದ ಸೀಮೆಯಲ್ಲ. ನೋವಿರುವವಳಿಗೆ ಬೇಕಾದುದು ಶಾಖವಾಗಿರಲು, ಅವಳನ್ನು ತಣ್ಣನೆಯ ನೆಲದ ಮೇಲೆ ಕಳುಹಿಸುವ ಶಾಸ್ತ್ರದ ಮಾತು ಇಷ್ಟಕ್ಕೇ ಸಾಕು.

ಈಗ ಸರ್ಕಾರದ ರಜೆಯ ವಿಚಾರ. 2025ನೆಯ ಅಕ್ಟೋಬರ್ 9ರಂದು ಕರ್ನಾಟಕದ ಸಚಿವ ಸಂಪುಟವು ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಯನ್ನು ಮಂಜೂರು ಮಾಡಿತು. ತಜ್ಞರ ಸಮಿತಿಯು ಆರೇ ದಿನಗಳನ್ನು ಸೂಚಿಸಿದ್ದಿತು. ಸಂಪುಟವು ಅದನ್ನು ಇಮ್ಮಡಿ ಮಾಡಿತು. ನವೆಂಬರಿನ ಆಜ್ಞೆಯಲ್ಲಿ ವಯಸ್ಸನ್ನು 18ರಿಂದ 52 ಎಂದು ಗೊತ್ತುಪಡಿಸಿ, ವೈದ್ಯರ ಸರ್ಟಿಫಿಕೇಟು ಬೇಡವೆಂದೂ ಹೇಳಲಾಯಿತು. ನಾನು ಇದನ್ನು ಸ್ವಾಗತಿಸುತ್ತೇನೆ. ನಮ್ಮ ಉಪಾಧ್ಯಾಯಿನಿಯರೂ ಸ್ವಾಗತಿಸುತ್ತಾರೆ. ಗೌರಿಬಿದನೂರಿನಿಂದ ಮುಂಜಾನೆಯ ರೈಲು ಹಿಡಿದು ದೊಡ್ಡಬಳ್ಳಾಪುರದ ಉಡುಪಿನ ಕಾರ್ಖಾನೆಗೆ ಹೋಗುವ ತಾಯಿಗೆ ಇದರಿಂದ ಒಂದು ದಿನ ಸಿಕ್ಕಬಹುದು. ಶಿಡ್ಲಘಟ್ಟದಲ್ಲಿ ಕುದಿನೀರಿನ ತೊಟ್ಟಿಯ ಮುಂದೆ ರೇಷ್ಮೆಗೂಡಿನ ಎಳೆ ಬಿಚ್ಚುವ, ಚಿಕ್ಕಬಳ್ಳಾಪುರದ ತೋಟಗಳಲ್ಲಿ ನಸುಕಿನಲ್ಲಿಯೇ ಹೂ ಕೀಳುವ ದಿನಗೂಲಿಯ ತಾಯಂದಿರಿಗೆ ಯಾರು ಕೊಡುವರೆಂದು ತಿಳಿಯದು. ಮತ್ತು ಅವರೆಲ್ಲರ ಮಕ್ಕಳಾದ ನಮ್ಮ ಬಾಲಿಕೆಯರು, ನೋವು ಬಲಿಯುವ ವಯಸ್ಸಿನಲ್ಲಿಯೇ ಇದ್ದು, ಹದಿನೆಂಟಾಗದ ಕಾರಣದಿಂದಲೂ ಸಂಬಳವಿಲ್ಲದ ಕಾರಣದಿಂದಲೂ ಆ ಆಜ್ಞೆಯ ಬಾಗಿಲ ಹೊರಗೇ ನಿಂತಿದ್ದಾರೆ.

ಹಾಗಾದರೆ ಶಾಲೆಯ ಹುಡುಗಿಯರಿಗೂ ಅಂತಹ ರಜೆ ಬೇಕೆ? ಇದು ಹೊಸ ಪ್ರಶ್ನೆಯೇನೂ ಅಲ್ಲ. ಕೊಚ್ಚಿ ಸಂಸ್ಥಾನದ ತ್ರಿಪ್ಪುಣಿತ್ತುರದ ಸರ್ಕಾರಿ ಬಾಲಿಕಾ ಪಾಠಶಾಲೆಯಲ್ಲಿ 1912ರಲ್ಲಿಯೇ ಮುಖ್ಯೋಪಾಧ್ಯಾಯರು ಮೇಲಧಿಕಾರಿಗಳಿಗೆ ಬರೆದು, ವಾರ್ಷಿಕ ಪರೀಕ್ಷೆಯ ವೇಳೆಯಲ್ಲಿ ಋತುವಾದ ಹುಡುಗಿಯರಿಗೆ ರಜೆಯನ್ನೂ ಆಮೇಲೆ ಪರೀಕ್ಷೆ ಬರೆಯುವ ಅವಕಾಶವನ್ನೂ ದೊರಕಿಸಿಕೊಟ್ಟರು. 2023ರಲ್ಲಿ ಕೇರಳದ ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿನಿಯರಿಗೆ ಹಾಜರಿಯಲ್ಲಿ ಶೇಕಡ 2ರ ರಿಯಾಯಿತಿಯನ್ನು ಕೊಟ್ಟವು. ವಿರುದ್ಧವಾದ ಮಾತೂ ಗಟ್ಟಿಯಾಗಿಯೇ ಇದೆ. 2023ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಅಂದಿನ ಕೇಂದ್ರ ಸಚಿವೆಯೊಬ್ಬರು ಋತುವು ಅಂಗವೈಕಲ್ಯವಲ್ಲವೆಂದರು. 2024ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಡ್ಡಾಯ ರಜೆಯಿಂದ ಸ್ತ್ರೀಯರಿಗೆ ಕೆಲಸ ಕೊಡಲು ಹಿಂಜರಿಯುವವರು ಹೆಚ್ಚಾಗಬಹುದೆಂದಿತು. ಈ ಅಂಜಿಕೆಯನ್ನು ನಾನು ನಗೆಗೆ ತಳ್ಳುವುದಿಲ್ಲ, ಅದಕ್ಕೆ ಚರಿತ್ರೆಯಿದೆ. 1873ರಲ್ಲಿ ಬಾಸ್ಟನ್ನಿನ ಡಾಕ್ಟರ್ ಕ್ಲಾರ್ಕ್ ಎಂಬವರು, ಋತುವುಳ್ಳ ಕನ್ಯೆಯರು ಹುಡುಗರಂತೆ ಓದಿದರೆ ಅವರ ದೇಹವೇ ಕೆಡುವುದೆಂದು ಪುಸ್ತಕ ಬರೆದರು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ಮುಚ್ಚಬೇಕೆನ್ನುತ್ತಿದ್ದವರಿಗೆ ಅದು ಆಯುಧವಾಯಿತು. ಮೇರಿ ಪಟ್ನಮ್ ಜಾಕೋಬಿ ಎಂಬ ವೈದ್ಯೆಯು ಸ್ತ್ರೀಯರನ್ನೇ ಪ್ರಶ್ನಿಸಿ, ಅಳತೆಗಳನ್ನು ಮಾಡಿ, ಎಲ್ಲರಿಗೂ ಕಡ್ಡಾಯ ವಿಶ್ರಾಂತಿ ಅಗತ್ಯವಿಲ್ಲವೆಂದು ತೋರಿಸುವ ಪ್ರಬಂಧವನ್ನು ಬರೆದು 1876ರಲ್ಲಿ ಹಾರ್ವರ್ಡಿನ ಬಹುಮಾನವನ್ನು ಪಡೆದರು.

ನನ್ನ ಅಭಿಪ್ರಾಯವು ಜಾಕೋಬಿಯವರ ಕಡೆಗೆ ವಾಲುತ್ತದೆ. ಎಲ್ಲ ಹುಡುಗಿಯರನ್ನೂ ತಿಂಗಳಿಗೆರಡು ದಿನ ಮನೆಗೆ ಕಳುಹಿಸಿದರೆ, ಮನೆಯಲ್ಲಿ ಅವರಿಗೆ ಸಿಕ್ಕುವುದು ವಿಶ್ರಾಂತಿಯಲ್ಲ. ಪಾತ್ರೆ, ದನ, ತಮ್ಮನನ್ನು ಎತ್ತಿಕೊಳ್ಳುವ ಕೆಲಸ. ನೋವಿಲ್ಲದವಳಿಗೆ ರಜೆಯು ಬೇಕಿಲ್ಲ. ನೋವಿರುವವಳಿಗೆ ಮೊದಲು ಬೇಕಾದುದು ಚಿಕಿತ್ಸೆ, ಚಿಕಿತ್ಸೆಗೂ ತಗ್ಗದ ದಿನ ರಜೆ; ಆ ರಜೆಯನ್ನು ಜ್ವರವೆಂದು ಸುಳ್ಳು ಬರೆಯದೆ ಪಡೆಯುವ ಹಕ್ಕು. ಕೆಲವರು ಸೋಮಾರಿತನಕ್ಕೆ ಇದನ್ನು ನೆವಮಾಡಿಕೊಳ್ಳುವರೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಮಾಡಿಕೊಳ್ಳಲಿ. ನಾಲ್ವರು ಕಳ್ಳಿಯರು ಒಂದು ಗಂಟೆಯ ಭೂಗೋಳ ತಪ್ಪಿಸಿಕೊಂಡರೆ ಶಾಲೆಗೆ ಆಗುವ ನಷ್ಟವು, ನಿಜವಾಗಿ ನೋಯುವ ಒಬ್ಬಳನ್ನು ಸುಳ್ಳಿಯೆಂದು ಕರೆದ ನಷ್ಟಕ್ಕಿಂತ ಬಹಳ ಚಿಕ್ಕದು. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ವರ್ಷದಲ್ಲಿ ಮೂರು ಸಾರಿ ನಡೆಸುವ ಕ್ರಮವು ಬಂದದ್ದು ಈ ದೃಷ್ಟಿಯಿಂದ ಉಪಕಾರವೇ ಆಯಿತು. ನೋವಿನ ದಿನ ಗಣಿತ ಕೆಟ್ಟಿತೆಂದು ವರ್ಷವನ್ನೇ ಕಳೆದುಕೊಳ್ಳಬೇಕಾಗಿಲ್ಲ.

ನಮ್ಮ ಶಾಲೆಯ ಮಟ್ಟಿಗೆ ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ಉಪಾಧ್ಯಾಯಿನಿಯರ ಕೋಣೆಯ ಪಕ್ಕದಲ್ಲಿರುವ ಉಗ್ರಾಣವನ್ನು ತೆರವುಮಾಡಿ ಎರಡು ಮಂಚಗಳನ್ನೂ, ನೀರು ಕಾಯಿಸುವ ವಿದ್ಯುತ್ ಕೆಟಲನ್ನೂ, ನಾಲ್ಕು ರಬ್ಬರ್ ಚೀಲಗಳನ್ನೂ ಇಡಬೇಕು. ಹುಡುಗಿಯು ಅಲ್ಲಿಗೆ ಹೋಗಲು ಕಾರಣ ಹೇಳಬೇಕಾಗಿಲ್ಲ, ಎದ್ದು ನಿಂತರೆ ಸಾಕು. ಈ ನಿಯಮವು ಪುರುಷ ಉಪಾಧ್ಯಾಯರ ತರಗತಿಗಳಿಗೂ ಅನ್ವಯಿಸುತ್ತದೆ. ಅರ್ಧ ಗಂಟೆ ಶಾಖ ತೆಗೆದುಕೊಂಡವಳು ಬಹುಮಟ್ಟಿಗೆ ಮುಂದಿನ ಪಾಠಕ್ಕೆ ತಾನಾಗಿಯೇ ಹಿಂದಿರುಗುವಳು. ಶೌಚಗೃಹಕ್ಕೆ ನೀರು ಮಧ್ಯಾಹ್ನದ ಮೇಲೆಯೂ ಬರುವಂತೆ ಎರಡನೆಯ ತೊಟ್ಟಿಯು ಅಗತ್ಯ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ಸ್ಥಿತಿಯನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಮಾತ್ರೆಯನ್ನು ಮಾತ್ರ ಶಾಲೆಯವರು ತಾವಾಗಿ ಕೊಡಕೂಡದು. ಅದಕ್ಕಾಗಿ ಜೂನ್ ತಿಂಗಳಲ್ಲಿ ಪ್ರತಿಯೊಬ್ಬ ತಾಯಿತಂದೆಯವರಿಗೂ ಒಂದು ನಮೂನೆಯನ್ನು ಕಳುಹಿಸುವೆವು: ಮಗುವಿಗೆ ಆಸ್ತಮಾ ಮುಂತಾದುದು ಇದೆಯೆ, ಯಾವ ಮಾತ್ರೆಯನ್ನು ವೈದ್ಯರು ಹೇಳಿದ್ದಾರೆ, ಎಷ್ಟು, ಎಂಬುದನ್ನು ಬರೆದು ರುಜುಮಾಡಿ ಕಳುಹಿಸಬೇಕು. ನಮೂನೆಯು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಉರ್ದುವಿನಲ್ಲಿಯೂ ಇರುವುದು. ಓದಲು ಬಾರದ ತಾಯಂದಿರು ಶನಿವಾರ ಬೆಳಿಗ್ಗೆ ಬಂದರೆ ನಾನೇ ಓದಿ ಹೇಳುತ್ತೇನೆ. ಮಂಚಗಳಿಗೂ ತೊಟ್ಟಿಗೂ ಬೇಕಾದ ಹಣದಲ್ಲಿ ಅರ್ಧವನ್ನು ಹಳೆಯ ವಿದ್ಯಾರ್ಥಿನಿಯರ ಸಂಘದವರು ವಹಿಸಿಕೊಳ್ಳುವರೆಂದು ನಂಬಿದ್ದೇನೆ. ಉಳಿದರ್ಧವನ್ನು ತಂದೆಯವರಿಂದ ಕೇಳಲು ಈ ಲೇಖನವನ್ನು ಬರೆದಿದ್ದೇನೆ.